ಮೂಲಪ್ರತಿ ಮತ್ತು ಬಳಕೆಯ ಪ್ರತಿ: ಲೋಮಾಂಗಜೀವಿಗಳ ಎರಡು ಕೋಶಕೇಂದ್ರಗಳು

ಇತಿಹಾಸವನ್ನು ಬೋಧಿಸುವವನೊಬ್ಬನು ಏಕಕೋಶಜೀವಿಗಳನ್ನು ಕುರಿತು ಬರೆಯಹೊರಟಿರುವುದು ವಾಚಕರಿಗೆ ವಿಚಿತ್ರವಾಗಿ ತೋರಬಹುದು. ಅದರ ಕಾರಣವನ್ನು ಮೊದಲೇ ಅರಿಕೆಮಾಡಿಕೊಳ್ಳುವುದು ಲೇಸು. ಯೂರೋಪಿನ ದಫ್ತರಖಾನೆಗಳ ಚರಿತ್ರೆಯನ್ನು ಓದುವವರಿಗೆ ಪ್ಯಾರಿಸ್ಸಿನ ಎಕೋಲ್ ದೆ ಷಾರ್ತ್ ಎಂಬ ವಿದ್ಯಾಶಾಲೆಯ ಹೆಸರು ಅಡಿಗಡಿಗೆ ಎದುರಾಗುತ್ತದೆ. 1821ರಲ್ಲಿ ಸ್ಥಾಪಿತವಾದ ಆ ಶಾಲೆ ಹಳೆಯ ದಾಖಲೆಗಳನ್ನು ಓದುವ, ಅವುಗಳ ಕಾಲವನ್ನು ನಿರ್ಣಯಿಸುವ, ಮೂಲ ಯಾವುದು ನಕಲು ಯಾವುದು ಎಂಬುದನ್ನು ಬೇರ್ಪಡಿಸುವ ವಿದ್ಯೆಯನ್ನು ಕಲಿಸುವುದಕ್ಕೆಂದೇ ಹುಟ್ಟಿದುದು. ಅಲ್ಲಿ ಕಲಿತು ಹೊರಬಂದವರಲ್ಲಿ ಎಮಿಲ್ ಮೋಪಾ (1842–1916) ಎಂಬಾತನೊಬ್ಬ. ಜೀವನೋಪಾಯಕ್ಕಾಗಿ ಆಲ್ಜಿಯರ್ಸ್ ನಗರದ ಗ್ರಂಥಾಲಯದಲ್ಲಿ ಉದ್ಯೋಗಿಯಾಗಿದ್ದ ಈತನು ಬಿಡುವಿನ ವೇಳೆಯಲ್ಲಿ ಸೂಕ್ಷ್ಮದರ್ಶಕದ ಮುಂದೆ ಕುಳಿತು, ಕೊಳೆತ ನೀರಿನಲ್ಲಿ ಈಜಾಡುವ ಲೋಮಾಂಗಜೀವಿಗಳ ದಾಂಪತ್ಯವನ್ನು ಘಳಿಗೆಘಳಿಗೆಗೂ ಗಮನಿಸಿ, 1889ರಲ್ಲಿ ಒಂದು ದೀರ್ಘ ಪ್ರಬಂಧವನ್ನು ಪ್ರಕಟಿಸಿದನು. ಆ ಜೀವಿಗಳ ಕೋಶಕೇಂದ್ರಗಳನ್ನು ಕುರಿತ ಇಂದಿನ ತಿಳಿವಳಿಕೆಗೆಲ್ಲ ಆ ಪ್ರಬಂಧವೇ ಅಸ್ತಿಭಾರ. ಮೂಲಪ್ರತಿ ಮತ್ತು ನಕಲುಗಳ ವಿವೇಚನೆಯಲ್ಲಿ ಪಳಗಿದ ಒಬ್ಬ ದಫ್ತರದ ವಿದ್ವಾಂಸನೇ ಜೀವಕೋಶದೊಳಗಿನ ಮೂಲಪ್ರತಿಯನ್ನೂ ನಕಲನ್ನೂ ಮೊದಲು ಸರಿಯಾಗಿ ಬೇರ್ಪಡಿಸಿದನೆಂಬ ಸಂಗತಿ ನನ್ನನ್ನು ಈ ವಿಷಯಕ್ಕೆ ಎಳೆದುತಂದಿತು. ಆತನು ಅದನ್ನು ಈ ಮಾತುಗಳಲ್ಲಿ ಹೇಳಲಿಲ್ಲ, ಮಾತು ನನ್ನದು. ಅದು ಎಲ್ಲಿಯವರೆಗೆ ಸಲ್ಲುತ್ತದೆ, ಎಲ್ಲಿ ಸಲ್ಲದು ಎಂಬುದನ್ನು ಪರಿಶೀಲಿಸುವುದೇ ಈ ಲೇಖನದ ಉದ್ದೇಶ.

ಲೋಮಾಂಗಜೀವಿಗಳನ್ನು ನೋಡಬೇಕಾದರೆ ದೂರ ಹೋಗಬೇಕಾದುದಿಲ್ಲ. ಒಣಹುಲ್ಲನ್ನು ನೀರಿನಲ್ಲಿ ಕುದಿಸಿ ಆರಿಸಿ, ಅದಕ್ಕೆ ಕೊಳದ ನೀರನ್ನು ಬೆರೆಸಿ ಕೆಲವು ದಿನ ಬಿಟ್ಟರೆ, ಅದರ ಒಂದು ಹನಿಯಲ್ಲಿ ಪಾದರಕ್ಷೆಯ ಅಟ್ಟೆಯಂತಿರುವ ಪ್ಯಾರಮೀಸಿಯಮ್ ಜೀವಿಗಳು ಅತ್ತಿತ್ತ ಓಡಾಡುವುದನ್ನು ಕಾಣಬಹುದು. ಮೈತುಂಬ ಇರುವ ನವುರಾದ ರೋಮಗಳನ್ನು ಹುಟ್ಟುಗೋಲುಗಳಂತೆ ಬೀಸುತ್ತ ಇವು ಈಜುತ್ತವೆ. ಆ ರೋಮಗಳಿಗೇ ಲೋಮಾಂಗವೆಂದು ಹೆಸರು. ಹನಿಗೆ ಆಮ್ಲದಲ್ಲಿ ಕರಗಿಸಿದ ಮೀಥೈಲ್ ಹಸಿರು ಬಣ್ಣವನ್ನು ಸೇರಿಸಿದರೆ ಜೀವಿಯ ನಡುವೆ ಹುರುಳಿಕಾಳಿನ ಆಕಾರದ ದೊಡ್ಡದೊಂದು ಕೇಂದ್ರ ಎದ್ದು ಕಾಣುತ್ತದೆ. ಅದರ ಮಗ್ಗುಲಲ್ಲೇ, ಕಣ್ಣಿಟ್ಟು ನೋಡಿದವರಿಗೆ ಮಾತ್ರ ಗೋಚರವಾಗುವಂತೆ, ಚಿಕ್ಕ ಚುಕ್ಕೆಯಂತಹ ಇನ್ನೊಂದು ಕೇಂದ್ರವಿರುತ್ತದೆ. ಕೆಲವು ಜಾತಿಗಳಲ್ಲಿ ಇಂತಹ ಚುಕ್ಕೆಗಳು ಎರಡು ಅಥವಾ ಹೆಚ್ಚು. ಪಠ್ಯಪುಸ್ತಕಗಳು ದೊಡ್ಡದನ್ನು ಮ್ಯಾಕ್ರೊನ್ಯೂಕ್ಲಿಯಸ್ ಎಂದೂ ಚಿಕ್ಕದನ್ನು ಮೈಕ್ರೊನ್ಯೂಕ್ಲಿಯಸ್ ಎಂದೂ ಕರೆಯುತ್ತವೆ. ಈ ಲೇಖನದಲ್ಲಿ ಅವನ್ನು ಹಿರಿಕೇಂದ್ರ, ಕಿರಿಕೇಂದ್ರ ಎಂದು ಕರೆಯೋಣ.

ಈ ಎರಡರ ಅರ್ಥವೇನೆಂಬುದು ಬಹುಕಾಲ ಯಾರಿಗೂ ತಿಳಿದಿರಲಿಲ್ಲ. ಹಾಲೆಂಡಿನ ಲೇವನ್‌ಹುಕ್ 1670ರ ದಶಕದಲ್ಲಿ ಇಂತಹ ಜೀವಿಗಳನ್ನು ಕಂಡನಾದರೂ ಆತನಿಗೆ ಒಳಗಿನ ರಚನೆ ಕಾಣುವಂತಿರಲಿಲ್ಲ. 1838ರಲ್ಲಿ ಮಹಾಗ್ರಂಥವೊಂದನ್ನು ಪ್ರಕಟಿಸಿದ ಜರ್ಮನಿಯ ಎಹ್ರೆನ್‌ಬರ್ಗನು ಈ ಸೂಕ್ಷ್ಮಜೀವಿಗಳಿಗೂ ದೊಡ್ಡ ಪ್ರಾಣಿಗಳಂತೆ ಹೊಟ್ಟೆ, ಕರುಳು, ಜನನಾಂಗಗಳೆಲ್ಲ ಇರುವುವೆಂದು ನಂಬಿ, ಹಿರಿಕೇಂದ್ರವನ್ನು ವೃಷಣವೆಂದು ವರ್ಣಿಸಿದನು. ಅನಂತರ ಬಂದ ಬಾಲ್ಬಿಯಾನಿ ಅದನ್ನು ತಿದ್ದಿ, ಹಿರಿಕೇಂದ್ರವೇ ಅಂಡಾಶಯ, ಕಿರಿಕೇಂದ್ರವೇ ವೃಷಣ ಎಂದನು. ತಿದ್ದುಪಡಿ ಮೂಲದ ತಪ್ಪಿಗಿಂತ ಹೆಚ್ಚು ದಿಟ್ಟವಾದ ತಪ್ಪಾಗುವುದು ಇತಿಹಾಸದ ವಿದ್ಯಾರ್ಥಿಗಳಿಗೆ ಹೊಸದಲ್ಲ. 1876ರಲ್ಲಿ ಬ್ಯೂಚ್ಲಿ ಎಂಬ ವಿದ್ವಾಂಸನು ಇವು ಅಂಗಗಳಲ್ಲ, ಕೋಶಕೇಂದ್ರಗಳೇ ಎಂದು ಸ್ಥಾಪಿಸಿದನು. ಆದರೆ ಎರಡು ಜೀವಿಗಳು ಕೂಡಿದಾಗ ಈ ಕೇಂದ್ರಗಳಿಗೆ ಅನುಕ್ರಮವಾಗಿ ಏನಾಗುವುದೆಂಬುದನ್ನು ಹೆಜ್ಜೆಹೆಜ್ಜೆಯಾಗಿ ತೋರಿಸಿದವನು ಮೋಪಾ.

ಆತನು ಕಂಡ ಕ್ರಮ ಸ್ಥೂಲವಾಗಿ ಹೀಗಿದೆ. ಎರಡು ಜೀವಿಗಳು ಬಾಯಿಯ ಪಕ್ಕ ತಗುಲಿಕೊಂಡು ಕೆಲವು ಘಂಟೆಗಳ ಕಾಲ ಜೊತೆಯಾಗಿ ಈಜುತ್ತವೆ. ಪ್ರತಿಯೊಂದರ ಕಿರಿಕೇಂದ್ರವೂ ಅರ್ಧೀಕರಣ ವಿಭಜನೆಗೆ ಒಳಗಾಗುತ್ತದೆ. ಹುಟ್ಟಿದ ತುಣುಕುಗಳಲ್ಲಿ ಒಂದನ್ನುಳಿದು ಮಿಕ್ಕವು ನಾಶವಾಗುತ್ತವೆ. ಉಳಿದುದು ಎರಡಾಗಿ, ಒಂದು ಭಾಗ ಸ್ವಸ್ಥಾನದಲ್ಲಿ ನಿಲ್ಲುತ್ತದೆ, ಇನ್ನೊಂದು ಜೊತೆಗಾರನೊಳಕ್ಕೆ ದಾಟುತ್ತದೆ. ನಿಂತುದೂ ಬಂದುದೂ ಸೇರಿ ಹೊಸ ಕೇಂದ್ರವಾಗುತ್ತದೆ. ಹೀಗೆ ಕೊಟ್ಟು ತೆಗೆದುಕೊಂಡುದರ ಫಲವಾಗಿ ಎರಡು ಜೀವಿಗಳ ಹೊಸ ಕೇಂದ್ರಗಳೂ ಆನುವಂಶಿಕವಾಗಿ ಏಕರೂಪವಾಗಿರುತ್ತವೆ. ಈ ಮಾತನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದೆ ಇದರ ಪ್ರಯೋಜನವಿದೆ. ಹೊಸ ಕೇಂದ್ರವು ಮತ್ತೆ ವಿಭಜನೆ ಹೊಂದಿ, ಅದರ ಮಕ್ಕಳಲ್ಲಿ ಕೆಲವು ಕಿರಿಕೇಂದ್ರಗಳಾಗಿಯೇ ಉಳಿಯುತ್ತವೆ, ಕೆಲವು ಊದಿಕೊಂಡು ಹೊಸ ಹಿರಿಕೇಂದ್ರಗಳಾಗುತ್ತವೆ. ಅಷ್ಟು ಕಾಲ ಕೋಶವನ್ನು ಆಳಿದ ಹಳೆಯ ಹಿರಿಕೇಂದ್ರ ಮಾತ್ರ ಚೂರುಚೂರಾಗಿ ಕ್ರಮೇಣ ಇಲ್ಲವಾಗುತ್ತದೆ.

ಎಂದಮೇಲೆ ಮುಂದಿನ ಪೀಳಿಗೆಗೆ ಹಸ್ತಾಂತರವಾಗುವುದು ಕಿರಿಕೇಂದ್ರ. ಹಿರಿಕೇಂದ್ರ ಒಂದು ದಾಂಪತ್ಯದಿಂದ ಇನ್ನೊಂದರವರೆಗೆ ಮಾತ್ರ ಬಾಳುವುದು. ಆದರೂ ದಿನನಿತ್ಯದ ಕಾರ್ಯಭಾರವೆಲ್ಲ ಹಿರಿಕೇಂದ್ರದ್ದೇ. ಆಹಾರ, ಚಲನೆ, ಬೆಳವಣಿಗೆ, ಇವುಗಳಿಗೆ ಬೇಕಾದ ಪ್ರೋಟೀನುಗಳ ಆಜ್ಞೆಗಳೆಲ್ಲ ಅಲ್ಲಿಂದಲೇ ಹೊರಡುವುವು. ಜೀವಿಯು ಸುಮ್ಮನೆ ತಿಂದು ಎರಡಾಗಿ ಒಡೆದು ಸಂಖ್ಯೆಯಲ್ಲಿ ಹೆಚ್ಚುತ್ತಿರುವಾಗ ಕಿರಿಕೇಂದ್ರದ ಡಿ.ಎನ್.ಎ. ಮೌನವಾಗಿರುತ್ತದೆ, ಅದನ್ನು ಯಾರೂ ಓದುವುದಿಲ್ಲ. ಫ್ರಾನ್ಸಿನ ಆಂದ್ರೆ ಲ್ವೋಫ್ 1923ರಲ್ಲಿ ಟೆಟ್ರಹೈಮಿನ ಎಂಬ ಲೋಮಾಂಗಜೀವಿಯನ್ನು ಬೇರಾವ ಜೀವಿಯ ಸಂಪರ್ಕವೂ ಇಲ್ಲದ ಪೋಷಕದ್ರವದಲ್ಲಿ ಬೆಳೆಸಿದರು. ಆ ಸಂತತಿಗೆ ಕಿರಿಕೇಂದ್ರವೇ ಇಲ್ಲ. ಆದರೂ ಅದು ಪ್ರಯೋಗಶಾಲೆಗಳಲ್ಲಿ ದಶಕಗಳ ಕಾಲ ಬೆಳೆಯುತ್ತಲೇ ಬಂದಿತು. ದಾಂಪತ್ಯವೊಂದು ಮಾತ್ರ ಅದಕ್ಕೆ ಸಾಧ್ಯವಿಲ್ಲ. ಮೂಲ ದಾಖಲೆ ಕಳೆದುಹೋಗಿದ್ದರೂ ಕಚೇರಿಯ ನಕಲಿನಿಂದ ವ್ಯವಹಾರ ಸಾಗುತ್ತಿರುವ ಸ್ಥಿತಿ ಇದು.

ನಕಲು ಒಂದೇ ಅಲ್ಲ. ನಮ್ಮ ದೇಹದ ಸಾಮಾನ್ಯ ಕೋಶವೊಂದರಲ್ಲಿ ಪ್ರತಿಯೊಂದು ಜೀನಿಗೂ ತಂದೆಯಿಂದ ಬಂದುದೊಂದು, ತಾಯಿಯಿಂದ ಬಂದುದೊಂದು, ಹೀಗೆ ಎರಡು ಪ್ರತಿಗಳಿರುತ್ತವೆ. ಟೆಟ್ರಹೈಮಿನದ ಹಿರಿಕೇಂದ್ರದಲ್ಲಿ ಸುಮಾರು 45, ಪ್ಯಾರಮೀಸಿಯಮ್ಮಿನದರಲ್ಲಿ ಸುಮಾರು 800 ಪ್ರತಿಗಳಿರುತ್ತವೆ. ಕೋಶ ಒಡೆಯುವಾಗ ಕಿರಿಕೇಂದ್ರ ತನ್ನ ವರ್ಣತಂತುಗಳನ್ನು ಲೆಕ್ಕತಪ್ಪದೆ ಹಂಚಿಕೊಡುತ್ತದೆ. ಹಿರಿಕೇಂದ್ರಕ್ಕೆ ಆ ಶಿಸ್ತಿಲ್ಲ. ಅದು ನಡುವೆ ಜಗ್ಗಿ ಎರಡಾಗುತ್ತದೆ, ಯಾವ ಪ್ರತಿ ಯಾವ ಕಡೆಗೆ ಹೋಯಿತೆಂಬ ಲೆಕ್ಕವಿಲ್ಲ. ಪ್ರತಿಗಳು ಹೇರಳವಾಗಿರುವುದರಿಂದಲೇ ಈ ಉಪೇಕ್ಷೆ ಬಹುಕಾಲ ನಡೆಯುತ್ತದೆ.

1960ರ ದಶಕದವರೆಗೂ ಹಿರಿಕೇಂದ್ರವೆಂದರೆ ಮೂಲದ ಅನೇಕ ನಕಲುಗಳ ಕಂತೆ ಎಂದಷ್ಟೇ ಭಾವಿಸುವುದು ಸಹಜವಾಗಿದ್ದಿತು. ಈ ಭಾವನೆಯನ್ನು ಅಲುಗಿಸಿದವರಲ್ಲಿ ಅಮೆರಿಕದ ಕೊಲೊರಾಡೊ ವಿಶ್ವವಿದ್ಯಾನಿಲಯದ ಡೇವಿಡ್ ಪ್ರೆಸ್ಕಾಟ್ ಪ್ರಮುಖರು. ಅವರೂ ಅವರ ಸಹೋದ್ಯೋಗಿಗಳೂ 1971ರಲ್ಲಿ ಸ್ಟೈಲೊನಿಕಿಯ ಎಂಬ ಜೀವಿಯ ಎರಡು ಕೇಂದ್ರಗಳ ಡಿ.ಎನ್.ಎ.ಯನ್ನು ಪ್ರತ್ಯೇಕಿಸಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ, ಕಿರಿಕೇಂದ್ರದ್ದು ನೀಳವಾದ ದಾರಗಳಂತೆಯೂ, ಹಿರಿಕೇಂದ್ರದ್ದು ತುಂಡುತುಂಡಾಗಿಯೂ ಇದ್ದಿತು. ತುಂಡುಗಳು ಕೈತಪ್ಪಿನಿಂದ ಮುರಿದವಲ್ಲ. ಒಂದೊಂದೂ ಹೆಚ್ಚುಕಡಮೆ ಒಂದು ಜೀನಿನಷ್ಟು ಉದ್ದ. ಅಂದರೆ ಗ್ರಂಥದ ಹೊಲಿಗೆ ಬಿಚ್ಚಿ, ಒಂದೊಂದು ಹಾಳೆಯನ್ನೂ ಬೇರೆಬೇರೆಯಾಗಿ ಇಟ್ಟು, ಬೇಡದ ಹಾಳೆಗಳನ್ನು ಎಸೆದುಬಿಟ್ಟ ಹಾಗೆ.

ಮುಂದಿನ ಅರ್ಧಶತಮಾನದಲ್ಲಿ ತಿಳಿದುಬಂದುದರ ಪ್ರಕಾರ, ಈ ಕತ್ತರಿಸುವ ಕೆಲಸ ಎಲ್ಲ ಲೋಮಾಂಗಜೀವಿಗಳಲ್ಲಿಯೂ ಒಂದೇ ಪ್ರಮಾಣದಲ್ಲಿ ನಡೆಯುವುದಿಲ್ಲ. ಟೆಟ್ರಹೈಮಿನದಲ್ಲಿ ಅದು ಸೌಮ್ಯವಾದುದು. ಕಿರಿಕೇಂದ್ರದಲ್ಲಿ ಐದು ಜೋಡಿ ವರ್ಣತಂತುಗಳಿವೆ. ಡಿ.ಎನ್.ಎ. ನಾಲ್ಕು ಅಕ್ಷರಗಳ ಬರಹವೆಂಬುದು ವಿದಿತವೇ. ಈ ಜೀವಿಯಲ್ಲಿ 15 ಅಕ್ಷರಗಳ ಒಂದು ಗುರುತು ಎಲ್ಲೆಲ್ಲಿ ಬರುವುದೋ ಅಲ್ಲಲ್ಲಿ ತಂತು ತುಂಡಾಗಿ, ಹಿರಿಕೇಂದ್ರದಲ್ಲಿ 181 ಬಗೆಯ ಕಿರುತಂತುಗಳಾಗುತ್ತವೆ. ಜೊತೆಗೆ ಸುಮಾರು 12,000 ಕಡೆಗಳಲ್ಲಿ ನಡುವಣ ಭಾಗಗಳು ಕಿತ್ತುಹೋಗಿ, ಮೂಲದ ಬರಹದಲ್ಲಿ ಮೂರನೆಯ ಒಂದು ಭಾಗ ಇಲ್ಲವಾಗುತ್ತದೆ. ಹೀಗೆ ಕಿತ್ತುಹೋಗುವುವು ಬಹುಮಟ್ಟಿಗೆ ಜೀನುಗಳ ನಡುವಣ ಬಯಲಿನಲ್ಲಿರುವುದರಿಂದ ಒಂದೆರಡು ಅಕ್ಷರ ಹೆಚ್ಚುಕಡಮೆಯಾದರೂ ಬಾಧಕವಿಲ್ಲ.

ಪ್ಯಾರಮೀಸಿಯಮ್ಮಿನ ಪರಿಸ್ಥಿತಿ ಇಷ್ಟು ನಿರಾಳವಲ್ಲ. 2012ರಲ್ಲಿ ಪ್ರಕಟವಾದ ಗಣನೆಯಂತೆ ಅದರ ಕಿರಿಕೇಂದ್ರದ ಬರಹದಲ್ಲಿ ಸುಮಾರು 45,000 ಪ್ರಕ್ಷಿಪ್ತ ಭಾಗಗಳಿವೆ. ಪ್ರಕ್ಷಿಪ್ತವೆಂಬ ಪದವನ್ನು ನಮ್ಮ ಗ್ರಂಥಸಂಪಾದಕರಿಂದ ಎರವಲು ತಂದಿದ್ದೇನೆ. ಇವುಗಳಲ್ಲಿ ಬಹುಪಾಲು ತೀರ ಚಿಕ್ಕವು. ಎಲ್ಲಕ್ಕಿಂತ ಚಿಕ್ಕದು 26 ಅಕ್ಷರಗಳದು. ಅನೇಕವು ಜೀನುಗಳ ಒಳಗೇ ಸೇರಿಕೊಂಡಿರುವುದರಿಂದ ಒಂದಕ್ಷರ ಹೆಚ್ಚು ಕತ್ತರಿಸಿದರೂ, ಒಂದಕ್ಷರ ಉಳಿಸಿದರೂ, ಆ ಜೀನಿನ ಅರ್ಥ ಕೆಡುತ್ತದೆ. ಪ್ರತಿಸಲವೂ, ನೂರಾರು ಪ್ರತಿಗಳಲ್ಲಿ, 45,000 ಕಡೆ ಈ ಕೆಲಸ ನಡೆಯಬೇಕು. ಹಳೆಯ ಓಲೆಗಳ ಪ್ರತಿಕಾರರು ಕಣ್ತಪ್ಪಿನಿಂದ ಪಂಕ್ತಿಗಳನ್ನೇ ನುಂಗಿರುವುದನ್ನು ಕಂಡ ನಮಗೆ ಇದು ಬೆರಗನ್ನುಂಟುಮಾಡದೆ ಇರದು.

ಎಲ್ಲಕ್ಕಿಂತ ಅತಿರೇಕದ ಉದಾಹರಣೆ ಸ್ಟೈಲೊನಿಕಿಯದ ಬಂಧುವಾದ ಆಕ್ಸಿಟ್ರಿಕ. ಇದರ ಕಿರಿಕೇಂದ್ರದಲ್ಲಿ ಸುಮಾರು 49 ಕೋಟಿ ಅಕ್ಷರಗಳಷ್ಟು ಬರಹವಿದೆ. ಹಿರಿಕೇಂದ್ರದಲ್ಲಿ ಉಳಿಯುವುದು ಸುಮಾರು 5 ಕೋಟಿ. ಹತ್ತರಲ್ಲಿ ಒಂಬತ್ತು ಪಾಲು ತ್ಯಾಜ್ಯ. ಉಳಿದ ಬರಹ ಸುಮಾರು 16,000 ಬಗೆಯ ಪುಟ್ಟ ತಂತುಗಳಾಗಿ ನಿಲ್ಲುತ್ತದೆ. ಸರಾಸರಿ ಉದ್ದ 3,200 ಅಕ್ಷರ, ಹೆಚ್ಚಿನವುಗಳಲ್ಲಿ ಒಂದೇ ಒಂದು ಜೀನು. ಪ್ರತಿಯೊಂದು ಬಗೆಗೂ ಸುಮಾರು ಎರಡು ಸಾವಿರ ಪ್ರತಿಗಳೆಂದರೆ, ಸೂಕ್ಷ್ಮದರ್ಶಕವಿಲ್ಲದೆ ಸರಿಯಾಗಿ ಕಾಣಿಸದ ಒಂದು ಜೀವಿಯೊಳಗೆ ಮೂರು ಕೋಟಿಯ ಆಸುಪಾಸಿನಲ್ಲಿ ಡಿ.ಎನ್.ಎ. ತುಂಡುಗಳು ತುಂಬಿಕೊಂಡಿವೆ. ಮನುಷ್ಯನ ಕೋಶಕೇಂದ್ರದಲ್ಲಿರುವ ವರ್ಣತಂತುಗಳು 46.

ಇಷ್ಟಾದರೂ ಕತ್ತರಿ ಒಂದರಿಂದಲೇ ಆಗುವ ಕೆಲಸ. ನಿಜವಾದ ತೊಡಕು ಬೇರೆಯಿದೆ. 1989ರಲ್ಲಿ ಪ್ರೆಸ್ಕಾಟರ ತಂಡ ಆಕ್ಸಿಟ್ರಿಕದ ಆಕ್ಟಿನ್ ಎಂಬ ಪ್ರೋಟೀನಿನ ಜೀನನ್ನು ಎರಡು ಕೇಂದ್ರಗಳಲ್ಲಿಯೂ ಓದಿ ಹೋಲಿಸಿತು. ಹಿರಿಕೇಂದ್ರದಲ್ಲಿ ಅದು ಅಖಂಡವಾಗಿದ್ದಿತು. ಕಿರಿಕೇಂದ್ರದಲ್ಲಿ ಒಂಬತ್ತು ತುಂಡುಗಳಾಗಿ ಒಡೆದಿದ್ದಿತು. ಅಷ್ಟೇ ಅಲ್ಲ, ತುಂಡುಗಳ ಅನುಕ್ರಮ 3, 4, 6, 5, 7, 9, 2, 1, 8 ಎಂದಿದ್ದಿತು, ಎರಡನೆಯ ತುಂಡು ತಲೆಕೆಳಗಾಗಿಯೂ ಇದ್ದಿತು. ಹಿರಿಕೇಂದ್ರವನ್ನು ಕಟ್ಟುವಾಗ ಕೋಶವು ಇವುಗಳನ್ನು ಬಿಡಿಸಿ, ತಿರುಗಿಸಿ, ಒಂದರಿಂದ ಒಂಬತ್ತರವರೆಗೆ ಕ್ರಮಪಡಿಸಿ ಹೊಲಿಯುತ್ತದೆ. ಇದು ಅಪವಾದವಿರಬೇಕೆಂದು ಆಗ ಯಾರಾದರೂ ಭಾವಿಸಿದ್ದರೆ ಆಶ್ಚರ್ಯವಿಲ್ಲ. ಆದರೆ 2014ರಲ್ಲಿ ಕಿರಿಕೇಂದ್ರದ ಸಮಗ್ರ ಬರಹ ಪ್ರಕಟವಾದಾಗ, ಉಳಿಸಿಕೊಳ್ಳಬೇಕಾದ ತುಂಡುಗಳೇ 2,25,000ಕ್ಕೂ ಹೆಚ್ಚೆಂದೂ, ಹೀಗೆ ಅನುಕ್ರಮ ತಪ್ಪಿರುವ ಜೀನುಗಳು 3,500ಕ್ಕೂ ಮಿಗಿಲೆಂದೂ ತಿಳಿದುಬಂದಿತು.

ತುಂಡುಗಳಿಗೆ ತಮ್ಮ ನೆರೆಯ ಗುರುತು ಸಿಕ್ಕುವುದು ಹೇಗೆ? ಒಂದು ತುಂಡಿನ ಕೊನೆಯಲ್ಲಿರುವ ಕೆಲವೇ ಅಕ್ಷರಗಳು ಮುಂದಿನ ತುಂಡಿನ ಆರಂಭದಲ್ಲಿ ಪುನರುಕ್ತವಾಗಿರುತ್ತವೆ. ಯೂರೋಪಿನ ಹಳೆಯ ಅಚ್ಚುಪುಸ್ತಕಗಳನ್ನು ನೋಡಿದವರಿಗೆ ಈ ಉಪಾಯ ಪರಿಚಿತ. ರಟ್ಟುಕಟ್ಟುವವನಿಗೆ ಪುಟಗಳ ಅನುಕ್ರಮ ತಪ್ಪದಿರಲೆಂದು ಒಂದು ಪುಟದ ಕೆಳತುದಿಯಲ್ಲಿ ಮುಂದಿನ ಪುಟದ ಮೊದಲ ಪದವನ್ನು ಅಚ್ಚುಮಾಡುತ್ತಿದ್ದರು. ಕೋಶದ ಈ ಸೂಚಕಪದಗಳ ದೋಷವೇನೆಂದರೆ ಅವು ಅತಿ ಚಿಕ್ಕವು. ಕೋಟ್ಯಂತರ ಅಕ್ಷರಗಳ ರಾಶಿಯಲ್ಲಿ ಅಷ್ಟು ಚಿಕ್ಕ ಪದ ಎಷ್ಟೋ ಕಡೆ ಆಕಸ್ಮಿಕವಾಗಿ ಬಂದೀತು. ಆದಕಾರಣ ಸೂಚಕಪದವೊಂದನ್ನೇ ನಂಬಿ ರಟ್ಟು ಕಟ್ಟುವಂತಿಲ್ಲ. ಬೇರೊಂದು ಮಾರ್ಗದರ್ಶಿ ಬೇಕೇಬೇಕು. ಅದರ ವಿಚಾರಕ್ಕೆ ಬರುವ ಮೊದಲು ಎರಡು ಉಪಕಥೆಗಳನ್ನು ಮುಗಿಸೋಣ.

ಮೊದಲನೆಯದು ತುದಿಗಳದು. ತಂತುವನ್ನು ಎಷ್ಟು ತುಂಡುಮಾಡಿದರೆ ಅಷ್ಟು ತುದಿಗಳು ಹೆಚ್ಚುತ್ತವೆ; ರಕ್ಷಣೆಯಿಲ್ಲದ ತುದಿ ಸವೆದುಹೋಗುತ್ತದೆ. ವರ್ಣತಂತುಗಳ ತುದಿಯ ರಚನೆಯನ್ನು ತಿಳಿಯಬೇಕೆನ್ನುವವರಿಗೆ ಕೋಟಿಗಟ್ಟಲೆ ತುದಿಗಳಿರುವ ಹಿರಿಕೇಂದ್ರಕ್ಕಿಂತ ಅನುಕೂಲವಾದ ಆಕರ ದೊರೆಯದು. ಎಲಿಜಬೆತ್ ಬ್ಲ್ಯಾಕ್‌ಬರ್ನ್ ಮತ್ತು ಜೋಸೆಫ್ ಗಾಲ್ 1978ರಲ್ಲಿ ಟೆಟ್ರಹೈಮಿನದ ತುದಿಗಳಲ್ಲಿ ಆರು ಅಕ್ಷರಗಳ ಒಂದು ಪದ ಹತ್ತಾರು ಸಲ ಪುನರಾವೃತ್ತವಾಗಿರುವುದನ್ನು ಕಂಡರು. ಆ ಪದಗಳನ್ನು ಹೊಸದಾಗಿ ಜೋಡಿಸುವ ಟೆಲೊಮರೇಸ್ ಎಂಬ ಕಿಣ್ವದ ಕುರುಹು ಬ್ಲ್ಯಾಕ್‌ಬರ್ನರ ವಿದ್ಯಾರ್ಥಿನಿ ಕ್ಯಾರೊಲ್ ಗ್ರೈಡರಿಗೆ 1984ರ ಕ್ರಿಸ್ಮಸ್ ದಿನದಂದು ಗೋಚರವಾಯಿತು. ಇವರಿಬ್ಬರೂ ಜಾಕ್ ಷೋಸ್ಟಾಕರೂ 2009ರ ನೊಬೆಲ್ ಪಾರಿತೋಷಕವನ್ನು ಹಂಚಿಕೊಂಡರು. ಮನುಷ್ಯನ ಕೋಶಗಳ ಮುಪ್ಪು, ಅರ್ಬುದರೋಗ ಇವುಗಳ ಅಧ್ಯಯನದಲ್ಲಿ ಈ ಕಿಣ್ವಕ್ಕೆ ಈಗಿರುವ ಸ್ಥಾನ ದೊಡ್ಡದು. ಮೋಪಾ ಲೋಮಾಂಗಜೀವಿಗಳಿಗೂ ಮುಪ್ಪುಂಟೆಂದು ವಾದಿಸಿದ್ದನು; ದಾಂಪತ್ಯಕ್ಕೆ ಅವಕಾಶ ಕೊಡದೆ ಬೆಳೆಸಿದ ಆತನ ಸ್ಟೈಲೊನಿಕಿಯಗಳು ಮುನ್ನೂರಕ್ಕೂ ಮಿಕ್ಕಿದ ತಲೆಮಾರುಗಳ ಬಳಿಕ ನಶಿಸಿದುವು. ಆ ಮುಪ್ಪಿಗೂ ತುದಿಗಳ ಸವೆತಕ್ಕೂ ಗಂಟುಹಾಕಲು ಆಸೆಯಾಗುತ್ತದೆ. ಆದರೆ ಹಾಗೆ ಹಾಕಬಾರದು. ಹಿರಿಕೇಂದ್ರಕ್ಕೆ ತುದಿ ಕಟ್ಟುವ ಕಿಣ್ವದ ಕೊರತೆಯಿಲ್ಲ.

ಎರಡನೆಯ ಉಪಕಥೆ ಕತ್ತರಿಯದು. ಕಿತ್ತೆಸೆಯಲ್ಪಡುವ ಭಾಗಗಳಲ್ಲಿ ಬಹಳಷ್ಟು, ಒಂದು ಕಾಲದಲ್ಲಿ ಟ್ರಾನ್ಸ್‌ಪೊಸಾನ್ ಎಂಬ ಅಲೆಮಾರಿ ಡಿ.ಎನ್.ಎ. ತುಣುಕುಗಳಾಗಿದ್ದವು. ಇವು ತಮ್ಮನ್ನು ತಾವೇ ಕಿತ್ತುಕೊಂಡು ಬೇರೆಡೆ ನೆಟ್ಟುಕೊಳ್ಳುವ ಕಿಣ್ವವನ್ನು ಜೊತೆಯಲ್ಲೇ ಹೊತ್ತು ತಿರುಗುವ ಪರಾವಲಂಬಿಗಳು. ಪ್ಯಾರಮೀಸಿಯಮ್ಮಿನ ಪ್ರಕ್ಷಿಪ್ತ ಭಾಗಗಳನ್ನು ಕತ್ತರಿಸುವ ಕಿಣ್ವ ಯಾವುದೆಂದು 2009ರಲ್ಲಿ ಪತ್ತೆಯಾದಾಗ, ಅದು ಇಂತಹ ಒಂದು ಅಲೆಮಾರಿಯಿಂದಲೇ ಬಂದುದಾಗಿದ್ದಿತು. ಕೋಶವು ಅದನ್ನು ಪಳಗಿಸಿ ತನ್ನ ಊಳಿಗಕ್ಕೆ ಹಚ್ಚಿಕೊಂಡಿದೆ. ಮುಳ್ಳನ್ನು ಮುಳ್ಳಿನಿಂದಲೇ ತೆಗೆಯುವುದೆಂದರೆ ಇದು. ನಮ್ಮ ದೇಹದಲ್ಲಿಯೂ ಇದರ ಒಂದು ನೆರಳುಂಟು: ರೋಗನಿರೋಧಕ ಪ್ರೋಟೀನುಗಳ ಜೀನುಗಳನ್ನು ಬಿಳಿಯ ರಕ್ತಕಣಗಳು ತುಂಡುಗಳಿಂದ ಹೊಲಿದುಕೊಳ್ಳುತ್ತವೆಂಬುದನ್ನು 1976ರಲ್ಲಿ ಸುಸುಮು ತೊನೆಗಾವ ತೋರಿಸಿದರು, ಅಲ್ಲಿ ಕತ್ತರಿಯಾಗುವ ಕಿಣ್ವದ ಮೂಲವೂ ಅಲೆಮಾರಿ ತುಣುಕೇ.

ಈಗ ಮುಖ್ಯ ಪ್ರಶ್ನೆಗೆ ಬರೋಣ. ಯಾವುದು ತ್ಯಾಜ್ಯ, ಯಾವುದು ಗ್ರಾಹ್ಯ ಎಂದು ಕೋಶಕ್ಕೆ ಹೇಗೆ ತಿಳಿಯುತ್ತದೆ? ಉತ್ತರ ಮೂಲಪ್ರತಿಯಲ್ಲಿಯೇ ಬರೆದಿರಬೇಕೆಂಬುದು ಸಹಜವಾದ ನಿರೀಕ್ಷೆ. ಟೆಟ್ರಹೈಮಿನದ 15 ಅಕ್ಷರಗಳ ಗುರುತು ಅಂತಹುದೇ. ಆದರೆ ಪ್ಯಾರಮೀಸಿಯಮ್ಮಿನ ಪ್ರಕ್ಷಿಪ್ತ ಭಾಗಗಳ ಎರಡು ಕೊನೆಗಳಲ್ಲಿಯೂ ತಪ್ಪದೆ ಇರುವುದು ಎರಡೇ ಅಕ್ಷರಗಳು. ಅಂತಹ ಜೋಡಿ ಬರಹದ ತುಂಬ ಚೆಲ್ಲಿದೆ. 1995ರಲ್ಲಿ ಪ್ಯಾರಿಸ್ಸಿನ ಎರಿಕ್ ಮೇಯರ್ ಮತ್ತು ಸಂಗಡಿಗರು ಒಂದು ಪ್ರಯೋಗವನ್ನು ಪ್ರಕಟಿಸಿದರು. ಒಂದು ನಿರ್ದಿಷ್ಟ ಪ್ರಕ್ಷಿಪ್ತ ಭಾಗವನ್ನು ಹೊರಗೆ ಸಿದ್ಧಪಡಿಸಿ, ಅದನ್ನು ಜೀವಿಯ ಹಳೆಯ ಹಿರಿಕೇಂದ್ರಕ್ಕೆ ಸೂಜಿಯಿಂದ ಸೇರಿಸಿದರು. ಕಿರಿಕೇಂದ್ರವನ್ನು ಮುಟ್ಟಲಿಲ್ಲ. ಹಳೆಯ ಹಿರಿಕೇಂದ್ರ ಹೇಗೂ ನಾಶವಾಗತಕ್ಕದ್ದು. ಅದರೊಳಗೆ ಏನನ್ನು ತುರುಕಿದರೇನು ಎಂದು ನಾವು ಕೇಳಬಹುದು. ಫಲ ಹಾಗಾಗಲಿಲ್ಲ. ಮುಂದೆ ಹುಟ್ಟಿದ ಹೊಸ ಹಿರಿಕೇಂದ್ರ ಆ ಭಾಗವನ್ನು ಕತ್ತರಿಸದೆ ಉಳಿಸಿಕೊಂಡಿತು. ಅಂದರೆ ಹೊಸ ನಕಲನ್ನು ಸಿದ್ಧಪಡಿಸುವಾಗ ಕೋಶ ಮೂಲವನ್ನು ಮಾತ್ರ ನೋಡುವುದಿಲ್ಲ. ಹಳೆಯ ನಕಲನ್ನೂ ಮುಂದಿಟ್ಟುಕೊಂಡು, ಅದರಲ್ಲಿ ಇರುವುದನ್ನು ಇರಗೊಡುತ್ತದೆ, ಇಲ್ಲದುದನ್ನು ತೆಗೆಯುತ್ತದೆ.

ಈ ಪರಿಶೀಲನೆ ನಡೆಯುವ ಬಗೆಯನ್ನು ಕುರಿತು ಮಾರ್ಟಿನ್ ಗೊರೊವ್ಸ್ಕಿಯವರ ಪ್ರಯೋಗಶಾಲೆಯಲ್ಲಿ ಕಝುಫುಮಿ ಮೊಚಿಜುಕಿ ಮತ್ತು ಸಂಗಡಿಗರು 2002ರಲ್ಲಿ ಒಂದು ವಿವರಣೆಯನ್ನು ಮುಂದಿಟ್ಟರು. ಅವರ ಕೆಲಸ ಟೆಟ್ರಹೈಮಿನದ ಮೇಲೆ ನಡೆದುದು. ದಾಂಪತ್ಯದ ಆರಂಭದಲ್ಲಿ ಅದುವರೆಗೆ ಮೌನವಾಗಿದ್ದ ಕಿರಿಕೇಂದ್ರ ತನ್ನ ಬರಹವನ್ನು ಆರ್.ಎನ್.ಎ. ರೂಪದಲ್ಲಿ ಉಚ್ಚರಿಸುತ್ತದೆ, ಆ ಆರ್.ಎನ್.ಎ. 28ರ ಆಸುಪಾಸಿನ ಅಕ್ಷರಗಳ ಚೀಟಿಗಳಾಗಿ ಕತ್ತರಿಸಲ್ಪಡುತ್ತದೆ. ಚೀಟಿಗಳು ಹಳೆಯ ಹಿರಿಕೇಂದ್ರಕ್ಕೆ ಹೋಗಿ ಅಲ್ಲಿಯ ಬರಹದೊಡನೆ ತಾಳೆನೋಡಿಕೊಳ್ಳುತ್ತವೆ. ತಾಳೆಯಾದ ಚೀಟಿಗಳು ರದ್ದಾಗುತ್ತವೆ. ತಾಳೆಯಾಗದೆ ಮಿಕ್ಕ ಚೀಟಿಗಳು ಬೆಳೆಯುತ್ತಿರುವ ಹೊಸ ಹಿರಿಕೇಂದ್ರಕ್ಕೆ ಹೋಗಿ, ತಮಗೆ ಹೊಂದುವ ಭಾಗಗಳಿಗೆ ಅಂಟಿಕೊಂಡು, ಇವು ತ್ಯಾಜ್ಯವೆಂದು ಗುರುತುಮಾಡುತ್ತವೆ. ಕತ್ತರಿ ಆ ಗುರುತನ್ನು ಅನುಸರಿಸುತ್ತದೆ. ಪ್ಯಾರಮೀಸಿಯಮ್ಮಿನಲ್ಲಿ ಚೀಟಿಗಳು 25 ಅಕ್ಷರಗಳವು, ರೀತಿ ಹೆಚ್ಚುಕಡಮೆ ಇದೇ.

ಆಕ್ಸಿಟ್ರಿಕದಲ್ಲಿ ಇದೆಲ್ಲ ತಿರುಗುಮುರುಗು. ಅಲ್ಲಿ ಚೀಟಿಗಳು ಹೊರಡುವುದು ಹಳೆಯ ಹಿರಿಕೇಂದ್ರದಿಂದ. ಅವು ಉಳಿಸಬೇಕಾದುದನ್ನು ಗುರುತಿಸುತ್ತವೆಂದು 2012ರಲ್ಲಿ ತಿಳಿದುಬಂದಿತು. ಹತ್ತರಲ್ಲಿ ಒಂಬತ್ತು ಪಾಲನ್ನು ಎಸೆಯುವ ಮನೆಯಲ್ಲಿ ಎಸೆಯುವುದರ ಪಟ್ಟಿಗಿಂತ ಇಟ್ಟುಕೊಳ್ಳುವುದರ ಪಟ್ಟಿಯನ್ನು ಮಾಡುವುದೇ ಮಿತವ್ಯಯವಲ್ಲವೆ? ಅನುಕ್ರಮ ತಪ್ಪಿದ ತುಂಡುಗಳ ಮಾರ್ಗದರ್ಶಿಯೂ ಹಳೆಯ ಹಿರಿಕೇಂದ್ರದಿಂದಲೇ ಬರುತ್ತದೆ. ಅದರ ಅಖಂಡ ಜೀನುಗಳ ಉದ್ದವಾದ ಆರ್.ಎನ್.ಎ. ನಕಲುಗಳು ಹೊಸ ಕೇಂದ್ರದಲ್ಲಿ ಮಾದರಿಯಾಗಿ ನಿಂತು ತುಂಡುಗಳನ್ನು ಸಾಲಾಗಿ ಕೂರಿಸುತ್ತವೆ. ಪ್ರಿನ್ಸ್‌ಟನ್ನಿನ ಲಾರಾ ಲ್ಯಾಂಡ್‌ವೆಬರರ ತಂಡ 2008ರಲ್ಲಿ ಬೇಕೆಂದೇ ಅನುಕ್ರಮ ಬದಲಿಸಿದ ಮಾದರಿಯನ್ನು ಕೋಶದೊಳಕ್ಕೆ ಸೇರಿಸಿದಾಗ, ಹೊಸ ಹಿರಿಕೇಂದ್ರದ ಜೀನಿನಲ್ಲಿಯೂ ಬದಲಾದ ಅನುಕ್ರಮ ಕಾಣಿಸಿಕೊಂಡಿತು.

ಮೂಲಪ್ರತಿ, ನಕಲು ಎಂಬ ನನ್ನ ಹೋಲಿಕೆ ಇಲ್ಲಿಗೆ ಮುರಿಯುತ್ತದೆಂದು ಒಪ್ಪಿಕೊಳ್ಳಬೇಕು. ನಮ್ಮ ವಿದ್ಯೆಯಲ್ಲಿ ಮೂಲ ದೊರೆತೊಡನೆ ನಕಲಿನ ಅಧಿಕಾರ ಮುಗಿಯುತ್ತದೆ. ತಾಮ್ರಪಟ ಕೈಗೆ ಬಂದಮೇಲೆ ಕಡತದ ನಕಲನ್ನು ಯಾರೂ ಪ್ರಮಾಣವಾಗಿ ಎತ್ತಿಕೊಳ್ಳುವುದಿಲ್ಲ. ಲೋಮಾಂಗಜೀವಿಯಲ್ಲಿ ಮೂಲವು ಸದಾ ಕೈಯಲ್ಲಿಯೇ ಇದೆ. ಆದರೂ ಅದನ್ನು ಹೇಗೆ ಓದಬೇಕೆಂಬ ತೀರ್ಮಾನ ಹಿಂದಿನ ನಕಲಿನದು. ಆಕ್ಸಿಟ್ರಿಕದ ಮೂಲವಂತೂ ಹಿಂದಿನ ನಕಲಿನ ನೆರವಿಲ್ಲದೆ ಅರ್ಥವೇ ಆಗದ ಬರಹ. ಹೀಗಾಗಿ ಆನುವಂಶಿಕತೆ ಎರಡು ದಾರಿಗಳಲ್ಲಿ ಹರಿಯುತ್ತದೆ: ಕಿರಿಕೇಂದ್ರದ ಅಕ್ಷರಗಳಲ್ಲಿ ಒಂದು, ಹಳೆಯ ಹಿರಿಕೇಂದ್ರದಿಂದ ಹೊಸದಕ್ಕೆ ಇನ್ನೊಂದು.

ಎರಡನೆಯ ದಾರಿ ಪುಸ್ತಕದ ಕಲ್ಪನೆಯಲ್ಲವೆಂಬುದಕ್ಕೆ ಒಂದು ಹಳೆಯ ಒಗಟೇ ಸಾಕ್ಷಿ. 1937ರಲ್ಲಿ ಟ್ರೇಸಿ ಸಾನ್ನೆಬಾರ್ನ್ ಎಂಬ ಅಮೆರಿಕದ ವಿಜ್ಞಾನಿ ಪ್ಯಾರಮೀಸಿಯಮ್ಮಿನಲ್ಲಿ ಎರಡು ಕೂಡುಪಂಗಡಗಳಿರುವುದನ್ನು ಕಂಡುಹಿಡಿದರು. ಒಂದೇ ಪಂಗಡದವು ತಮ್ಮೊಳಗೆ ಕೂಡುವುದಿಲ್ಲ; ಈ ಪಂಗಡದ್ದು ಆ ಪಂಗಡದ್ದರೊಡನೆಯೇ ಕೂಡಬೇಕು. ಒಂದು ಜಾತಿಯಲ್ಲಿ ಅವರಿಗೆ ತೊಡಕೊಂದು ಎದುರಾಯಿತು. ಕೂಡಿದ ಎರಡು ಜೀವಿಗಳ ಹೊಸ ಕೇಂದ್ರಗಳು ಏಕರೂಪವಾಗುವುವೆಂದು ಮೇಲೆ ಹೇಳಿದೆಯಷ್ಟೆ? ಹಾಗಿದ್ದಮೇಲೆ ಎರಡರ ಸಂತತಿಯೂ ಒಂದೇ ಪಂಗಡದ್ದಾಗಬೇಕು. ಆಗಲಿಲ್ಲ. ಸಾಮಾನ್ಯವಾಗಿ ಪ್ರತಿಯೊಂದರ ಸಂತತಿಯೂ ತನ್ನ ತನ್ನ ಹಿಂದಿನ ಪಂಗಡದಲ್ಲಿಯೇ ಉಳಿಯಿತು. ಅಕ್ಷರಗಳು ಒಂದೇ, ನಡತೆ ಬೇರೆ. ಇದು ಕೋಶದ್ರವದ ಮೂಲಕ ಹರಿಯುವ ಆನುವಂಶಿಕತೆಯೆಂದು ಸಾನ್ನೆಬಾರ್ನ್ ವಾದಿಸಿದರು. ಏನು ಹರಿಯುತ್ತದೆಂದು ತೋರಿಸಲು ಆ ಕಾಲದಲ್ಲಿ ಸಾಧನವಿರಲಿಲ್ಲ. ಅವರು 1981ರಲ್ಲಿ ತೀರಿಕೊಂಡರು. 2014ರಲ್ಲಿ ಮೇಯರರ ತಂಡ ಉತ್ತರವನ್ನು ಪ್ರಕಟಿಸಿತು. ಒಂದು ಪಂಗಡದಲ್ಲಿ ಒಂದು ಜೀನು ಕೆಲಸಮಾಡುತ್ತದೆ. ಇನ್ನೊಂದು ಪಂಗಡದಲ್ಲಿ ಆ ಜೀನನ್ನು ಚಾಲನೆಗೊಳಿಸುವ ಭಾಗ ಹಿರಿಕೇಂದ್ರದಿಂದ ಪ್ರಕ್ಷಿಪ್ತವೆಂಬಂತೆ ಕತ್ತರಿಸಿಹೋಗಿರುತ್ತದೆ. ಹಳೆಯ ನಕಲಿನಲ್ಲಿ ಅದು ಇಲ್ಲದ ಕಾರಣ ಹೊಸ ನಕಲಿನಲ್ಲಿಯೂ ಕತ್ತರಿಸಲ್ಪಡುತ್ತದೆ. ಎರಡರ ಕಿರಿಕೇಂದ್ರಗಳಲ್ಲಿಯೂ ಬರಹ ಪೂರ್ಣವಾಗಿಯೇ ಇರುತ್ತದೆ.

ಇದನ್ನು ಓದಿ, ಜೀವಿಯು ಬಾಳಿನಲ್ಲಿ ಗಳಿಸಿದ ಗುಣಗಳೆಲ್ಲ ಮಕ್ಕಳಿಗೆ ಬರುವುವೆಂಬ ಹಳೆಯ ವಾದಕ್ಕೆ ಸಮರ್ಥನೆ ಸಿಕ್ಕಿತೆಂದು ಯಾರಾದರೂ ಹೇಳಿದರೆ ನಾನು ಒಪ್ಪಲಾರೆ. ಅವಶ್ಯಕತೆಗೆ ತಕ್ಕಂತೆ ಬರಹ ಬದಲಾಗುತ್ತದೆಂದು ಇಲ್ಲಿ ಏನೂ ತೋರಿಲ್ಲ. ಬದಲಾವಣೆ ಹೇಗೋ ಆದಮೇಲೆ ನಕಲಿನಿಂದ ನಕಲಿಗೆ ಸಾಗುತ್ತದೆಂದಷ್ಟೇ ತೋರಿದೆ.

ಕೊನೆಗೆ ಮತ್ತೆ ಮೋಪಾನ ಕಡೆಗೆ ತಿರುಗುವುದು ನ್ಯಾಯ. ದಾಂಪತ್ಯದ ಬಳಿಕ ಪ್ಯಾರಮೀಸಿಯಮ್ಮಿನ ಕೋಶದ ತುಂಬ ಚದರಿ ನಿಲ್ಲುವ ಹಳೆಯ ಹಿರಿಕೇಂದ್ರದ ಚೂರುಗಳು ಆ ಕಾಲದ ನೋಟಕರಿಗೆ ಕೇವಲ ಅವಶೇಷಗಳಾಗಿ ಕಂಡುವು. ಹೊಸ ಹಿರಿಕೇಂದ್ರ ಸಿದ್ಧವಾಗುವವರೆಗೂ ಆ ಚೂರುಗಳು, ಸುಮಾರು ಮೂವತ್ತು, ಆಜ್ಞೆಗಳನ್ನು ಹೊರಡಿಸುತ್ತಲೇ ಇರುತ್ತವೆಂದೂ, ತಾಳೆನೋಡುವ ಕೆಲಸಕ್ಕೆ ಬೇಕಾದ ಹಳೆಯ ಬರಹ ಅವುಗಳಲ್ಲಿಯೇ ಇದೆಯೆಂದೂ ಈಗ ತಿಳಿದಿದೆ. ಅಷ್ಟೇ ಅಲ್ಲದೆ, ಹೊಸ ಹಿರಿಕೇಂದ್ರ ಯಾವುದಾದರೂ ಕಾರಣದಿಂದ ಕೆಟ್ಟುಹೋದರೆ, ಅಂತಹ ಚೂರೊಂದು ಬೆಳೆದು ಮತ್ತೆ ಪೂರ್ಣ ಹಿರಿಕೇಂದ್ರವಾಗಬಲ್ಲುದು. 1940ರಲ್ಲಿ ಸಾನ್ನೆಬಾರ್ನ್ ಇದನ್ನು ತೋರಿಸಿದರು. ಎಲ್ಲವೂ ಸರಿಯಾಗಿ ನಡೆದರೆ ಮಾತ್ರ ಕೋಶವು ಕೆಲವು ಸಲ ಒಡೆದು ಹೆಚ್ಚುವಷ್ಟರಲ್ಲಿ ಅವು ಮಕ್ಕಳ ನಡುವೆ ಹಂಚಿಹೋಗಿ, ಒಂದೊಂದಾಗಿ ಕರಗಿ, ಕಣ್ಣಿಗೆ ಕಾಣದಾಗುವುವು.